ಮೂವತ್ತರವರೆಗೆ ಎಣಿಸಿ

ಸೈನಿಕರ ಕಿವಿ ಪರೀಕ್ಷಿಸುವ ಕೆಲಸಕ್ಕೆ ಸೇರಿ ಆರು ವರ್ಷವಾಗಿದ್ದರೂ ನಾನು ಫೈರಿಂಗ್ ರೇಂಜ್ ನೋಡಿರಲಿಲ್ಲ. ಗುಂಡಿನ ಸದ್ದು ನನ್ನ ಮೇಜಿಗೆ ಬರುತ್ತಿದ್ದುದು ಹಾಳೆಯ ಮೇಲಿನ ಗೆರೆಯಾಗಿ ಮಾತ್ರ. ಹೊರಗಿನ ಸದ್ದು ನುಸುಳದ ಪುಟ್ಟ ಕೋಣೆಯಲ್ಲಿ ಒಬ್ಬರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದೇ ಸ್ವರ ಕೇಳಿಸುತ್ತೇನೆ. ಕೇಳಿಸಿದಾಗಲೆಲ್ಲ ಅವರು ಬಟನ್ ಒತ್ತಬೇಕು. ಪೆಟ್ಟು ತಿಂದ ಕಿವಿಯ ಗೆರೆ 4000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಇಳಿದು, 8000ದ ಬಳಿ ಮತ್ತೆ ತುಸು ಮೇಲೇರುತ್ತದೆ. ದೊಡ್ಡ ಸದ್ದು ಬಿಟ್ಟುಹೋದ ಹೆಜ್ಜೆ ಗುರುತು ಅದು. ಆ ವರ್ಷ ಇಪ್ಪತ್ತೆರಡರ ಹುಡುಗರ ಹಾಳೆಗಳಲ್ಲೂ ಹಳ್ಳ ಕಾಣತೊಡಗಿತು. ಎಲ್ಲರಿಗೂ ಇಯರ್‌ಪ್ಲಗ್ ವಿತರಿಸಲಾಗಿದೆ ಎಂದು ದಾಖಲೆಯಲ್ಲಿ ಬರೆದಿತ್ತು. ಹಾಗಾದರೆ ಸದ್ದು ಒಳನುಗ್ಗುತ್ತಿರುವುದು ಎಲ್ಲಿಂದ? ಕಣ್ಣಾರೆ ನೋಡಿಬಿಡೋಣ ಎಂದು ಅನುಮತಿ ಪಡೆದು ಹೊರಟೆ.

ಬೆಳಗ್ಗೆ ಏಳಕ್ಕೆ ತುಕಡಿ ಸಾಲಾಗಿ ನಿಂತಿತ್ತು. ಒಬ್ಬ ಡಬ್ಬಿ ಹಿಡಿದು ಹಳದಿ ಫೋಮ್ ಪ್ಲಗ್‌ಗಳನ್ನು ಜೋಡಿ ಜೋಡಿಯಾಗಿ ಹಂಚುತ್ತ ಹೋದ. ಎರಡು ನಿಮಿಷದಲ್ಲಿ ಹಂಚಿ ಮುಗಿಯಿತು. ಹುಡುಗರು ಸೀಸೆಗೆ ಬಿರಡೆ ಒತ್ತಿದಂತೆ ಒತ್ತಿಕೊಂಡು ಹೆಲ್ಮೆಟ್ ಏರಿಸಿದರು. ನಾನು ಎದುರು ನಿಂತು ಒಬ್ಬೊಬ್ಬರ ಮುಖ ನೋಡುತ್ತ ಬಂದೆ. ಮೂವತ್ತೆರಡು ಮಂದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿಯ ಕಿವಿಯಿಂದ ಹಳದಿ ತುದಿ ಹೊರಗೆ ಇಣುಕುತ್ತಿತ್ತು. ಎದುರಿನಿಂದ ತುದಿ ಕಂಡಿತೆಂದರೆ ಪ್ಲಗ್ ಹೊಸ್ತಿಲಲ್ಲೇ ನಿಂತಿದೆ, ಒಳಗೆ ಹೋಗಿಲ್ಲ.

ಎಲ್ಲರೂ ಉಸ್ತಾದ್ ಎಂದು ಕರೆಯುತ್ತಿದ್ದ ಹಿರಿಯ ತರಬೇತುದಾರರ ಬಳಿ ಹೋಗಿ ಹತ್ತು ನಿಮಿಷ ಬೇಡಿದೆ. ಅವರು ಗಡಿಯಾರ ನೋಡಿ ತಲೆಯಾಡಿಸಿದರು.

ಸಾಲಿನ ಕೊನೆಯ ಹುಡುಗನಿಂದ ಶುರು ಮಾಡಿದೆ. ಎರಡೂ ಪ್ಲಗ್ ತೆಗೆಸಿದೆ, ಕೈ ಒರೆಸಿಕೊಳ್ಳಲು ಹೇಳಿದೆ. ದೀಪಕ್ಕೆ ಬತ್ತಿ ಹೊಸೆಯುವಂತೆ ಫೋಮನ್ನು ಸುಕ್ಕಿಲ್ಲದೆ ಹೊಸೆದು ಸಣ್ಣ ಕಡ್ಡಿ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಕಿವಿಯ ನಾಳ ಬಾಗಿರುತ್ತದೆ, ಎಳೆದಾಗ ನೆಟ್ಟಗಾಗುತ್ತದೆ. ಫೋಮ್ ಅರಳುವ ಮೊದಲೇ ಒಳಗೆ ತೂರಿಸಿ, ಅದು ಅರಳಿ ನಾಳವನ್ನು ತುಂಬುವವರೆಗೆ ಬೆರಳ ತುದಿಯಲ್ಲಿ ತಡೆಹಿಡಿಯಬೇಕು.

“ಮೂವತ್ತರವರೆಗೆ ಎಣಿಸಪ್ಪ” ಎಂದೆ. ಹನ್ನೆರಡಕ್ಕೇ ಬೆರಳು ತೆಗೆದ. ಪ್ಲಗ್ ಮೆಲ್ಲಗೆ ಹೊರಗೆ ಸರಿಯಿತು. ಮತ್ತೆ ಹೊಸೆದು, ಮತ್ತೆ ಎಳೆದು, ಈ ಬಾರಿ ಎಣಿಕೆ ನಾನೇ ಮಾಡಿದೆ. ಮೂವತ್ತು ಮುಗಿದಾಗ ಅವನ ಹುಬ್ಬು ಮೇಲೇರಿತು.

“ಮೇಡಂ, ನನ್ನ ಮಾತು ನನಗೇ ಕೊಡದೊಳಗಿಂದ ಬಂದಂತೆ ಕೇಳಿಸುತ್ತಿದೆ.”

ಹಾಗೆ ಕೇಳಿಸಿದರೆ ಪ್ಲಗ್ ಸರಿಯಾಗಿ ಕೂತಿದೆ. ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ತೆಗೆದರೂ ಹೊರಗಿನ ಸದ್ದಿನಲ್ಲಿ ಹೆಚ್ಚು ವ್ಯತ್ಯಾಸ ಕಾಣಬಾರದು.

ಹತ್ತು ನಿಮಿಷದಲ್ಲಿ ಹದಿಮೂರು ಮಂದಿಯನ್ನಷ್ಟೇ ಮುಗಿಸಲಾಯಿತು. ಉಸ್ತಾದರು ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಮೇಡಂ, ಇಷ್ಟು ಗಟ್ಟಿಯಾಗಿ ಮುಚ್ಚಿದರೆ ನನ್ನ ಆದೇಶ ಇವರಿಗೆ ಕೇಳಿಸುವುದು ಹೇಗೆ?” ಆ ಪ್ರಶ್ನೆಯನ್ನು ನಾನು ಇಂದಿಗೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೆನ್ನ ಹಿಂದೆ ಕಡ್ಡಿ ಮುರಿದ ಸದ್ದು ಕೇಳದಿದ್ದರೆ ಸೈನಿಕನ ಜೀವವೇ ಹೋಗಬಹುದು. ಕಿವಿ ಕಾಪಾಡಿಕೊಳ್ಳಿ ಎಂದು ಬುದ್ಧಿ ಹೇಳುವವರು ಇದಕ್ಕೂ ಉತ್ತರ ಕೊಡಬೇಕು. ಉತ್ತರ ಇಲ್ಲದೆಯೂ ಇಲ್ಲ. ಸಣ್ಣ ಸದ್ದನ್ನು ಹಾಯಲು ಬಿಟ್ಟು, ಗುಂಡಿನಂಥ ಹಠಾತ್ ಸ್ಫೋಟವನ್ನು ಮಾತ್ರ ತಡೆಯುವ ಕಿರುರಂಧ್ರದ ಪ್ಲಗ್‌ಗಳಿವೆ. ಮಾತನ್ನು ಹಿಗ್ಗಿಸಿ, ಸ್ಫೋಟವನ್ನು ಕುಗ್ಗಿಸುವ ಎಲೆಕ್ಟ್ರಾನಿಕ್ ಇಯರ್‌ಮಫ್‌ಗಳಿವೆ. ಅವು ಅಂದು ಆ ರೇಂಜಿನಲ್ಲಿ ಇರಲಿಲ್ಲ. ಉಸ್ತಾದರ ಬಲಗಿವಿಯಲ್ಲಂತೂ ಪ್ಲಗ್ಗೇ ಇರಲಿಲ್ಲ. ಹುಡುಗರ ಮಾತು ಕೇಳಿಸಲೆಂದು ಅದನ್ನು ತೆಗೆದಿಟ್ಟುಕೊಂಡಿದ್ದರು.

ಮೊದಲ ಗುಂಡು ಹಾರಿತು. ನಾನು ಪ್ಲಗ್ ಹಾಕಿ ಅದರ ಮೇಲೆ ಇಯರ್‌ಮಫ್ ಕೂಡ ಹಾಕಿಕೊಂಡಿದ್ದೆ. ಆದರೂ ಸದ್ದು ಎದೆಗೂಡಿಗೆ ಬಂದು ಗುದ್ದಿತು. ರೈಫಲ್ಲಿನ ಸದ್ದು ಹಾರಿಸುವವನ ಕಿವಿಯ ಬಳಿ 155ರಿಂದ 160 ಡೆಸಿಬಲ್‌ವರೆಗೆ ಏರುತ್ತದೆ ಎಂಬುದನ್ನು ಎಷ್ಟೋ ಬಾರಿ ಪಾಠ ಮಾಡಿದ್ದೆ. ಇಂಥ ಹಠಾತ್ ಸದ್ದಿಗೆ 140ನ್ನು ಅಪಾಯದ ಗೆರೆ ಎನ್ನುತ್ತಾರೆ. 140ಕ್ಕೂ 160ಕ್ಕೂ ನಡುವೆ ಇರುವುದು ಇಪ್ಪತ್ತೇ ಎಂದು ಕಂಡರೂ ಕಿವಿಯ ಮೇಲೆ ಬೀಳುವ ಒತ್ತಡ ಹತ್ತು ಪಟ್ಟು. ಭುಜದ ಮೇಲಿಟ್ಟು ಹಾರಿಸುವ ಟ್ಯಾಂಕ್ ನಿರೋಧಕ ಅಸ್ತ್ರಗಳ ಸದ್ದು 180ನ್ನೂ ದಾಟುತ್ತದೆ. ದೊಡ್ಡ ಸದ್ದು ಬಂದಾಗ ಬಿಗಿದುಕೊಂಡು ಒಳಗಿವಿಯನ್ನು ಕಾಯುವ ಪುಟ್ಟ ಸ್ನಾಯುವೊಂದು ಕಿವಿಯಲ್ಲಿದೆ. ಅದು ಎಚ್ಚೆತ್ತು ಬಿಗಿಯುವಷ್ಟರಲ್ಲಿ ಗುಂಡಿನ ಸದ್ದು ಒಳಹೊಕ್ಕು ಕೆಲಸ ಮುಗಿಸಿರುತ್ತದೆ.

ಗುಂಡಿಗೆ ಬೆದರಿ ಹಾರಿದ ಹಕ್ಕಿಗಳ ಹಿಂಡೊಂದು ಸ್ವಲ್ಪ ಹೊತ್ತಿಗೆ ಮರಳಿ ಬಂದು ಕೂತಿತು. ಹಕ್ಕಿಗಳ ಒಳಗಿವಿಯಲ್ಲಿ, ಸದ್ದನ್ನು ಹಿಡಿದು ನರಕ್ಕೆ ದಾಟಿಸುವ ರೋಮಕೋಶಗಳು ಸತ್ತರೆ ಹೊಸವು ಹುಟ್ಟುತ್ತವೆ. ಮನುಷ್ಯರಿಗೆ ಆ ಭಾಗ್ಯವಿಲ್ಲ. ಒಂದೊಂದು ಕಿವಿಯಲ್ಲಿ ಸುಮಾರು 15,000 ರೋಮಕೋಶಗಳನ್ನು ಹೊತ್ತು ಹುಟ್ಟುತ್ತೇವೆ, ಕಳೆದುಕೊಂಡದ್ದು ಕಳೆದೇ ಹೋಯಿತು.

ಪ್ರತಿ ಸುತ್ತು ಮುಗಿಯುತ್ತಲೂ ಹುಡುಗರು ಪ್ಲಗ್ ಕಿತ್ತು ಮಾತಿಗೆ ನಿಲ್ಲುತ್ತಿದ್ದರು. ಆಚೆ ಬದಿಯಲ್ಲಿ ಇನ್ನೊಂದು ತಂಡ ಹಾರಿಸುತ್ತಲೇ ಇತ್ತು. ನನಗೆ ಅತಿ ಹೆಚ್ಚು ಸಂಕಟವಾದದ್ದು ಅದನ್ನು ನೋಡಿ. ಎಡೆಬಿಡದ ಸದ್ದಿನಲ್ಲಿ 30 ಡೆಸಿಬಲ್ ತಡೆಯಬಲ್ಲ ಪ್ಲಗ್ಗನ್ನು ಅರ್ಧ ಹೊತ್ತು ತೆಗೆದಿಟ್ಟರೆ ಒಟ್ಟಾರೆ ಸಿಗುವ ರಕ್ಷಣೆ ಬರೀ 3 ಡೆಸಿಬಲ್. ಗುಂಡಿನ ವಿಷಯದಲ್ಲಿ ಅಷ್ಟು ಲೆಕ್ಕವೂ ಬೇಕಿಲ್ಲ, ತೆರೆದ ಕಿವಿಗೆ ಒಂದೇ ಗುಂಡು ಸಾಕು.

ಸಂಜೆ ಹೊರಡುವಾಗ ಒಬ್ಬ ಹುಡುಗ ಓಡಿಬಂದ. ನಾನು ನೋಡಲಾಗದೆ ಉಳಿದ ಹತ್ತೊಂಬತ್ತು ಮಂದಿಯಲ್ಲಿ ಅವನೂ ಒಬ್ಬ. ಎಡಗಿವಿಯಲ್ಲಿ ಗುಂಯ್ ಎನ್ನುತ್ತಿದೆ, ನಿಲ್ಲುತ್ತಿಲ್ಲ ಎಂದ. ರೈಫಲ್ಲನ್ನು ಬಲಭುಜಕ್ಕೆ ಆನಿಸಿದಾಗ ನಳಿಗೆಯ ಬಾಯಿಗೆ ಎಡಗಿವಿಯೇ ಎದುರಾಗುತ್ತದೆ, ಬಲಗಿವಿಗೆ ತಲೆಯ ಮರೆ ಸಿಗುತ್ತದೆ. ವೈದ್ಯರಿಗೆ ತೋರಿಸಿದೆವು. ಮರುದಿನ ನನ್ನ ಪರೀಕ್ಷೆಯಲ್ಲಿ ಅವನ ಎಡಗಿವಿ 4000 ಹರ್ಟ್ಸ್‌ನಲ್ಲಿ 35 ಡೆಸಿಬಲ್‌ಗೆ ಇಳಿದಿತ್ತು, ಅಂದರೆ ಅಷ್ಟು ಜೋರು ಮಾಡಿದ ಮೇಲಷ್ಟೇ ಸ್ವರ ಅವನಿಗೆ ಕೇಳಿಸುತ್ತಿತ್ತು. ನಾಲ್ಕನೆಯ ದಿನ ಗೆರೆ ಮೇಲೆದ್ದು ಮೊದಲಿನ ಜಾಗಕ್ಕೆ ಬಂತು. ಅವನು ನಕ್ಕ. ನನಗೆ ನಗು ಬರಲಿಲ್ಲ. ಗೆರೆ ಮೇಲೆದ್ದ ಮಾತ್ರಕ್ಕೆ ಕಿವಿ ಪೂರ್ತಿ ಸರಿಹೋಯಿತೆಂದಲ್ಲ ಎಂಬುದನ್ನು ಶರೋನ್ ಕುಜಾವ ಮತ್ತು ಚಾರ್ಲ್ಸ್ ಲಿಬರ್ಮನ್ 2009ರಲ್ಲಿ ಇಲಿಗಳಲ್ಲಿ ತೋರಿಸಿದರು. ಕೇಳುವ ಮಟ್ಟ ಮೊದಲಿನಂತಾದ ಮೇಲೂ ರೋಮಕೋಶಕ್ಕೂ ನರಕ್ಕೂ ಇರುವ ಕೊಂಡಿಗಳು ಅರ್ಧದಷ್ಟು ಕಡೆ ಹರಿದುಹೋಗಿದ್ದವು. ಇದನ್ನು ಅವನಿಗೆ ಹೇಗೆ ಹೇಳಲಿ ಎಂದು ಒದ್ದಾಡಿ, ಕೊನೆಗೆ ಇದ್ದುದನ್ನು ಇದ್ದ ಹಾಗೆಯೇ ಹೇಳಿದೆ.

ಮುಂದಿನ ವಾರ ಉಸ್ತಾದರ ಸರದಿ ಬಂತು. ಕೋಣೆಯೊಳಗೆ ಕೂತು ಚಕಚಕನೆ ಬಟನ್ ಒತ್ತುತ್ತಿದ್ದರು. ಹಾಳೆಯ ಮೇಲೆ ಇಪ್ಪತ್ತರ ಹರೆಯದವನ ಕಿವಿ ಮೂಡುತ್ತಿತ್ತು. ತಲೆಯೆತ್ತಿ ನೋಡಿದೆ. ಗಾಜಿನಾಚೆಯಿಂದ ಅವರ ಕಣ್ಣು ನನ್ನ ಮೊಣಕೈಯ ಮೇಲೆ ನೆಟ್ಟಿತ್ತು. ಸ್ವರ ಕೊಡದೆ ಕೈ ಮಾತ್ರ ಅಲುಗಿಸಿದೆ. ಒತ್ತಿದರು. ಇನ್ನೊಮ್ಮೆ ಅಲುಗಿಸಿದೆ. ಮತ್ತೆ ಒತ್ತಿದರು. ನಾನು ಕುರ್ಚಿ ತಿರುಗಿಸಿ, ಅವರಿಗೆ ಬೆನ್ನು ಹಾಕಿ ಮೊದಲಿನಿಂದ ಶುರು ಮಾಡಿದೆ. ಎಡಗಿವಿ 4000 ಹರ್ಟ್ಸ್‌ನಲ್ಲಿ 70, ಬಲಗಿವಿ 55.

ಅವರನ್ನು ಸುಳ್ಳುಗಾರ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಿವಿ ಕೆಟ್ಟಿದೆ ಎಂದು ಬರೆದರೆ ಇಷ್ಟಪಟ್ಟ ಕೆಲಸ ಕೈಬಿಡುತ್ತದೆ, ಬಡ್ತಿ ನಿಲ್ಲುತ್ತದೆ ಎಂಬ ಭಯ ಇರುವ ಕಡೆ ಯಾರು ತಾನೇ ಬಾಯಿಬಿಟ್ಟು ಹೇಳುತ್ತಾರೆ? ಹುಡುಗರು ರೇಂಜಿಗೆ ಬಂದು ಹೋಗುತ್ತಾರೆ. ಪ್ರತಿ ತುಕಡಿಯ ಪ್ರತಿ ಗುಂಡನ್ನೂ ಕೇಳುವವರು ತರಬೇತುದಾರರು.

ಹೊರಬಂದು ಅವರು ತುಂಬಾ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೇಳಿದರು: “ಮೊನ್ನೆ ಮಗಳ ಲೋಟಕ್ಕೆ ನೀರು ಹಾಕುತ್ತಿದ್ದೆ. ಅವಳು ‘ಸಾಕು’ ಎಂದಳಂತೆ. ನನಗೆ ‘ಹಾಕು’ ಎಂದು ಕೇಳಿಸಿತು. ಲೋಟ ತುಂಬಿ ಅವಳ ಪುಸ್ತಕದ ಮೇಲೆಲ್ಲ ಹರಿಯಿತು. ಅಪ್ಪ ಬೇಕೆಂದೇ ಮಾಡಿದರು ಎಂದು ಅತ್ತಳು.”

ಸಕಾರದ ಸದ್ದು ಇರುವುದು ಅವರು ಕಳೆದುಕೊಂಡ ಆ ಎತ್ತರದ ಸ್ವರಗಳಲ್ಲೇ. ಅದು ಅಳಿಸಿಹೋದರೆ ಉಳಿಯುವುದು ‘ಆಕು’. ಮೊದಲ ಅಕ್ಷರವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಹಾಳೆಯ ಮೇಲೆ ಆ ಹಳ್ಳವನ್ನು ತೋರಿಸಿ, ನಿಮ್ಮ ಮಗಳ ‘ಸ’ ಇಲ್ಲಿ ಬಿದ್ದಿದೆ ಎಂದೆ. ಅವರು ಬೆರಳಿಂದ ಅದನ್ನು ಮುಟ್ಟಿ ನೋಡಿದರು.

ಎಲೆಕ್ಟ್ರಾನಿಕ್ ಇಯರ್‌ಮಫ್‌ಗಳಿಗೆ ನಾನು ಬರೆದ ಮನವಿಗೆ ತಿಂಗಳುಗಳ ನಂತರ ಆರು ಜೊತೆ ಬಂದವು. ತರಬೇತುದಾರರಿಗಷ್ಟೇ ಸಾಲುವಷ್ಟು. ಹುಡುಗರಿಗೆ ಇನ್ನೂ ಫೋಮ್ ಪ್ಲಗ್ಗೇ ಗತಿ. ಉಳಿದವಕ್ಕಾಗಿ ಮತ್ತೆ ಬರೆದಿದ್ದೇನೆ, ಬರೆಯುತ್ತಲೇ ಇರುತ್ತೇನೆ.

ಎರಡನೆಯ ಬಾರಿ ರೇಂಜಿಗೆ ಹೋದಾಗ ಹೊಸ ತುಕಡಿ ನೆಲಕ್ಕೆ ಮಲಗಿ ಗುರಿ ಹಿಡಿದಿತ್ತು. ಉಸ್ತಾದರು ಸಾಲಿನ ಉದ್ದಕ್ಕೂ ಬಗ್ಗಿ ಬಗ್ಗಿ ಕಿವಿಗಳನ್ನು ನೋಡುತ್ತ ಬಂದವರು ಒಂದೆಡೆ ನಿಂತು ಕೈ ಮೇಲೆತ್ತಿದರು. ಇಡೀ ಸಾಲು ರೈಫಲ್ ಕೆಳಗಿಟ್ಟಿತು. ಅವರು ಆ ಹುಡುಗನ ಪಕ್ಕ ಮಂಡಿಯೂರಿ, ಅವನ ಎಡಗಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಎಣಿಸತೊಡಗಿದರು. ಹನ್ನೆರಡಕ್ಕೆ ಅವನು ಕದಲಿದ. ಉಸ್ತಾದರು ಅವನ ಭುಜ ಒತ್ತಿ ಹಿಡಿದು ಹದಿಮೂರು ಎಂದರು.