ಅಮ್ಮನ ಒಡ್ಡೋಲಗಕ್ಕೆ ಗೇರುಸೊಪ್ಪೆಯ ರಾಣಿ

ನವರಾತ್ರಿಯಲ್ಲಿ ಆವಾಹನೆ ಆಗುವುದು ಕಲಶಕ್ಕೆ, ಮೂಲಾ ನಕ್ಷತ್ರದ ದಿನ ಶಾರದೆಗೆ. ಮೆಟ್ಟಿಲ ಮೇಲೆ ಕೂತ ರಾಜ ರಾಣಿಯರ ಗೊಂಬೆಗಳಿಗೆ ಆವಾಹನೆಯಿಲ್ಲ. ಅವರು ಅಮ್ಮನ ಒಡ್ಡೋಲಗಕ್ಕೆ ಬಂದವರು, ವಿಜಯನಗರದ ಮಹಾನವಮಿಗೆ ಸಾಮಂತರು ಬಂದು ಸೇರುತ್ತಿದ್ದ ಹಾಗೆ. ಸಭೆಗೆ ಬಂದವರು ತಮ್ಮ ಕಾಲದ, ತಮ್ಮ ನೆಲದ ಉಡುಗೆಯಲ್ಲೇ ಬರಬೇಕು. ಆ ಉಡುಗೆಯನ್ನು ಕೈಯಾರೆ ಹೊಲಿದು ಉಡಿಸುವುದೂ ದೇವಿಯ ಸೇವೆಯೇ.

ಶಿರಸಿ, ಕುಮಟಾ ಕಡೆ ಗೊಂಬೆ ಕೂರಿಸುವ ಮನೆಗಳು ಮೈಸೂರಿನಷ್ಟಿಲ್ಲ. ಕೂರಿಸುವವರು ಪಟ್ಟದ ಗೊಂಬೆಯ ಪಕ್ಕದಲ್ಲಿ ನಮ್ಮವರಿಗೂ ಜಾಗ ಕೊಡಲಿ: ಸೋದೆಯ ಅರಸಪ್ಪ ನಾಯಕ, ಗೇರುಸೊಪ್ಪೆಯ ಚೆನ್ನಭೈರಾದೇವಿ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಈಕೆಯನ್ನೇ. ಆಕೆ ಜೈನ ಮನೆತನದವಳು, ಹಣೆಗೆ ವಿಭೂತಿ ಬಳಿದು ಕೂರಿಸಬೇಡಿ.

ಉಡುಗೆಗೆ ಆಧಾರ ಎಲ್ಲಿ? ಇವರಿಬ್ಬರ ಕಾಲವಾದ 16ನೇ ಶತಮಾನದ, ಲೇಪಾಕ್ಷಿ ದೇಗುಲದ ಚಿತ್ರಗಳಲ್ಲಿ ಪಟ್ಟೆ, ಚೌಕಳಿ, ಹೂಬಳ್ಳಿಯ ಸೀರೆಗಳಿವೆ, ಗಂಡಸರ ತಲೆಯ ಮೇಲೆ ಎತ್ತರದ ಚೂಪು ಕುಲ್ಲಾಯಿ ಇದೆ. ಅರಸಪ್ಪ ನಾಯಕನಿಗೆ ಆ ಕುಲ್ಲಾಯಿ, ಉದ್ದ ತೋಳಿನ ನಿಲುವಂಗಿಯಾದ ಕಬಾಯಿ ಒಪ್ಪುತ್ತದೆ. ಕೃಷ್ಣದೇವರಾಯನ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಒಡವೆಯ ಭಾರಕ್ಕೆ ಸ್ತ್ರೀಯರ ತೋಳುಗಳಿಗೆ ಬೇರೆಯವರು ಆಸರೆ ಕೊಡಬೇಕಾಗಿತ್ತು ಎಂದಿದ್ದಾನೆ. ಹಾಗಾಗಿ ರಾಣಿಯ ಕೈಗೆ ಎರಡು ಬಳೆ ಹಾಕಿ ಮುಗಿಸಬಾರದು.

ಮೊದಲು ಗೊಂಬೆ. ಕಾಲು ಕೂಡಿಕೊಂಡಿರುವ ಮರದ ಗೊಂಬೆಗೆ ಕಚ್ಚೆ ಉಡಿಸಲಾಗದು. ಒಳಗೆ ತಂತಿ ಇಟ್ಟು, ಕಾಲು ಬಿಡಿಯಾಗಿರುವ ಬಟ್ಟೆಯ ಗೊಂಬೆ ಮಾಡಿಕೊಳ್ಳಬೇಕು. ಬೂರುಗದ ಹತ್ತಿ ತುಂಬಬೇಡಿ, ಅದು ಗಟ್ಟಿಯಾಗಿ ಕೂರದೆ ಕುತ್ತಿಗೆ ವಾಲುತ್ತದೆ. ಸಾದಾ ಹತ್ತಿಯನ್ನೇ ಚಿಕ್ಕ ಚಿಕ್ಕ ಉಂಡೆ ಮಾಡಿ ಕಡ್ಡಿಯಿಂದ ಒತ್ತಿ ತುಂಬಿ.

ಅಳತೆಯ ಲೆಕ್ಕ ಹೀಗೆ. ಐದು ಅಡಿಯ ಹೆಂಗಸಿಗೆ ಹದಿನಾರು ಮೊಳ, ಅಂದರೆ 288 ಇಂಚು ಉದ್ದದ ಸೀರೆ, 46 ಇಂಚು ಅಗಲ. ಒಂದು ಅಡಿಯ ಗೊಂಬೆಗೆ ಐದರಲ್ಲೊಂದು ಪಾಲು: ಉದ್ದ ಸುಮಾರು 58 ಇಂಚು, ಅಗಲ 9. ಆದರೆ ಬಟ್ಟೆಯ ದಪ್ಪ ಮಾತ್ರ ಐದರಲ್ಲೊಂದು ಆಗುವುದಿಲ್ಲ. ಸೊಂಟದಲ್ಲಿ ಪದರ ಸೇರಿಕೊಂಡು ರಾಣಿ ಬಸುರಿಯಂತೆ ಕಾಣುವುದು ಇದರಿಂದಲೇ. ತೀರಾ ತೆಳು ಮಲ್ಲು ಬಟ್ಟೆಯೇ ಬೇಕು. ಇಷ್ಟಾದರೂ ದಪ್ಪ ಕಂಡರೆ ಸೊಂಟದ ಒಳಸುತ್ತಿನಲ್ಲಿ ಎಂಟು ಹತ್ತು ಇಂಚು ಕಡಿಮೆ ಮಾಡಿ. ಕಚ್ಚೆಯ ನೆರಿಗೆಯಲ್ಲಿ, ಸೆರಗಿನಲ್ಲಿ ಕಡಿಮೆ ಮಾಡಬೇಡಿ.

ಅಂಗಡಿಯ ಕಡು ಗುಲಾಬಿ, ನೇರಳೆ ಬೇಡ. ಆ ಜಾತಿಯ ರಾಸಾಯನಿಕ ಬಣ್ಣ ಹುಟ್ಟಿದ್ದೇ 1856ರಲ್ಲಿ. ಶಿರಸಿ ಸೀಮೆಯವರಿಗೆ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು, ಮನೆಯಲ್ಲೇ ಇದೆ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವಾಗಲೇ ಒಂದು ಬಾಟಲಿ ಎತ್ತಿಡಿ. ಹೊಸ ಬಟ್ಟೆಯ ಗಂಜಿ ಪೂರ್ತಿ ಹೋಗುವವರೆಗೆ ಒಗೆಯಬೇಕು, ಇಲ್ಲವಾದರೆ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ. 100 ಗ್ರಾಂ ಬಟ್ಟೆಗೆ 15 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ ರಾತ್ರಿ ನೆನೆಸಿ. ಬೆಳಿಗ್ಗೆ ಹಿಂಡಿ, ನೀರು ಬೆರೆಸಿದ ಚೊಗರಿನಲ್ಲಿ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಕಾಯಿಸಿ, ತಿರುವುತ್ತಾ ಇರಿ. ಸ್ಟೀಲ್ ಪಾತ್ರೆಯಲ್ಲಿ ಕೆಂಗಂದು ಬರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಅದೇ ಚೊಗರು ಕಪ್ಪಿಗೆ ತಿರುಗುತ್ತದೆ, ಅಂಚಿಗೆ ಆ ಕಪ್ಪು ಬಹಳ ಚೆನ್ನ. ನೆರಳಲ್ಲಿ ಒಣಗಿಸಿ.

ಉಡಿಸುವಾಗ ಸೊಂಟಕ್ಕೆ ಸುತ್ತಿ ಗಂಟು ಹಾಕಿ, ಮುಂದೆ ನೆರಿಗೆ ಹಿಡಿದು, ನೆರಿಗೆಯ ಕೆಳಗಿನ ನಡುವಿನ ಅಂಚನ್ನು ಕಾಲುಗಳ ನಡುವಿನಿಂದ ಹಿಂದಕ್ಕೆ ತಂದು ಸಿಗಿಸಬೇಕು. ಬರೀ ಬಟ್ಟೆಯ ನೆರಿಗೆ ನಿಲ್ಲುವುದಿಲ್ಲ. ಒಂದು ಚಮಚ ಅಕ್ಕಿ ಹಿಟ್ಟಿಗೆ ಎರಡು ಲೋಟ ನೀರು ಹಾಕಿ ಕಾಯಿಸಿದ ತೆಳು ಗಂಜಿಯನ್ನು ಬೆರಳಲ್ಲಿ ಸವರಿ, ಕಾಲಿಂಚಿನ ನೆರಿಗೆ ಮಾಡಿ, ದಾರದಿಂದ ಸಡಿಲವಾಗಿ ಕಟ್ಟಿ ಒಣಗಲು ಬಿಡಿ. ಗಂಜಿ ದಪ್ಪವಾದರೆ ಕಪ್ಪು ಅಂಚಿನ ಮೇಲೆ ಬಿಳಿ ಗೆರೆ ಏಳುತ್ತದೆ, ಸೀರೆ ತಗಡಿನ ಹಾಗೆ ಸೆಟೆದು ನಿಲ್ಲುತ್ತದೆ.

ಒಡವೆಗೆ ಬೆಂಡಿಗಿಂತ ಹಗುರವಾದದ್ದಿಲ್ಲ. ಗುಡಿಗಾರರು ಬಾಸಿಂಗ ಮಾಡುವ ಅದೇ ಬೆಂಡನ್ನು ಹರಿತ ಬ್ಲೇಡಿನಿಂದ ತೆಳುವಾಗಿ ಕೊಯ್ದು, ಚಿನ್ನದ ಕಾಗದ ಅಂಟಿಸಿ. ಮಳೆಗಾಲದ ತೇವ ಇನ್ನೂ ಗೋಡೆಯಲ್ಲಿರುವಾಗ ಮೈದಾ ಅಂಟಿಗೆ ಬೂಷ್ಟು ಬರುತ್ತದೆ. ಚಿಟಿಕೆ ಮೈಲುತುತ್ತ ಬೆರೆಸಿದರೆ ಬಾರದು, ಆದರೆ ಅದು ವಿಷ. ಮಕ್ಕಳಿಂದ ದೂರವಿಡಿ, ಕೈ ತೊಳೆದುಕೊಂಡೇ ದೇವರ ಸಾಮಾನು ಮುಟ್ಟಿ.

ದೇವಿಗೆ ಉಡಿಸಿದ ಪ್ರಸಾದದ ಸೀರೆಗೆ ಗೊಂಬೆಗಾಗಿ ಕತ್ತರಿ ಹಾಕಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಶಾರದೆಗೆ ಹೊಸದಾದ, ಹೊಲಿಯದ, ಅಖಂಡ ವಸ್ತ್ರ. ರಾಣಿಗೆ ಬೇಕಾದರೆ ಒಗೆದು ಮೆತ್ತಗಾದ ಹಳೆ ಪಂಚೆಯೂ ಆದೀತು, ಅದು ಹೊಸ ಬಟ್ಟೆಗಿಂತ ಚೆನ್ನಾಗಿ ಇಳಿಬೀಳುತ್ತದೆ.

ಹೊಲಿಗೆಯೆಲ್ಲ ಆಯುಧ ಪೂಜೆಗೆ ಮೊದಲೇ ಮುಗಿಯಲಿ. ಆ ದಿನ ಸೂಜಿ, ಕತ್ತರಿ, ಅಳತೆ ಪಟ್ಟಿ ಅಮ್ಮನ ಮುಂದೆ ಕುಂಕುಮ ಹಚ್ಚಿಸಿಕೊಂಡು ಕೂರುವವು, ಒಂದು ಬಿಚ್ಚಿದ ಅಂಚನ್ನೂ ಆಗ ಹೊಲಿಯುವಂತಿಲ್ಲ. ಶ್ರವಣ ನಕ್ಷತ್ರದ ದಿನ ಶಾರದೆಯ ವಿಸರ್ಜನೆಯಾದ ಮೇಲೆ ಉಡುಗೆ ಬಿಚ್ಚಿ, ಗಂಜಿ ತೊಳೆದು, ಪೂರ್ತಿ ಒಣಗಿಸಿ. ಗಂಜಿ ಉಳಿದರೆ ಹುಳ ತಿನ್ನುತ್ತದೆ. ತಾಮ್ರದ ಜರಿ ಕಾರವಾರದ ಉಪ್ಪುಗಾಳಿಗೆ ಬೇಗ ಕಪ್ಪಾಗುತ್ತದೆ, ಅದಕ್ಕೆ ಜರಿಯ ಅಂಚನ್ನು ಸೀರೆಗೆ ದೂರ ದೂರದ ಹೊಲಿಗೆಯಲ್ಲಿ ಕೂರಿಸಿದ್ದರೆ ತೊಳೆಯುವ ಮೊದಲೇ ಬಿಚ್ಚಿ ಬೇರೆ ಇಡಬಹುದು. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಲಾವಂಚದ ಬೇರು ಹಾಕಿ, ಗೋಡೆಗೆ ತಾಗದ ಪೆಟ್ಟಿಗೆಯಲ್ಲಿಡಿ.