ವಾಪಸ್ ಕೊಡದ ಕ್ಯಾಸೆಟ್

ನಮ್ಮ ಬಂಟ್ವಾಳದ ಕಡೆ ಸ್ಯಾಕ್ಸೋಫೋನ್ ಅಂದರೆ ಮದುವೆ. ಚಪ್ಪರದ ಮೂಲೆಯಲ್ಲಿ ವಾದ್ಯದವರು ಕುಳಿತಿರುತ್ತಾರೆ. ಡೋಲಿನವನ ಕಣ್ಣು ಪುರೋಹಿತರ ಕೈ ಮೇಲೆ. ಧಾರೆಯ ಹೊತ್ತಿಗೆ ಭಟ್ಟರು ಕೈ ಎತ್ತಿದರೆ ಸಾಕು, ಊಟಕ್ಕೆ ಕಾದವರಿಗೂ ಎಚ್ಚರವಾಗುತ್ತದೆ. ಕದ್ರಿ ಗೋಪಾಲನಾಥರು ಪಾಣೆಮಂಗಳೂರು ಕಡೆಯವರೇ ಆದ್ದರಿಂದ ಆ ವಾದ್ಯ ನಮ್ಮದೇ ಅಂತ ನಾನು ಬಹಳ ದಿನ ನಂಬಿದ್ದೆ.

ಆ ನಂಬಿಕೆ ಕೆಟ್ಟದ್ದು 1992ರ ಜುಲೈನಲ್ಲಿ, ನಮ್ಮ ಇಂಗ್ಲಿಷ್ ಸರ್ ಮನೆಯಲ್ಲಿ. (ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಾರೆ. ಆಗ ಓದಿದವರಿಗೆ ಹೇಗೂ ಗೊತ್ತು.) ಕಾಲೇಜಿನ ಹಿಂದಿನ ಹಂಚಿನ ಮನೆ. ಪುಸ್ತಕ ಕೊಡಲು ಹೋಗಿದ್ದೆ. ಕೊಡೆ ಮಡಚುವಾಗಲೇ ಒಳಗಿಂದ ಸ್ಯಾಕ್ಸೋಫೋನ್ ಕೇಳಿಸಿತು. ಮಳೆಗಾಲದಲ್ಲಿ ಸ್ವಲ್ಪ ಎಳೆದೆಳೆದು ಹಾಡುತ್ತಿದ್ದ ಅವರ ಟೇಪ್ ರೆಕಾರ್ಡರ್.

"ಯಾರ ಮದುವೆದು ಸರ್ ಇದು?" ಅಂದೆ.

ಸರ್ ನಕ್ಕು ಚಹಾ ಚೆಲ್ಲಿಕೊಂಡರು. "ಮದುವೆ ಅಲ್ಲ ಮಾರಾಯ, ನ್ಯೂಯಾರ್ಕ್."

ಮುಂಬೈಯಲ್ಲಿದ್ದ ಅವರಣ್ಣ ಎಲ್‌ಪಿಯಿಂದ ತುಂಬಿಸಿ ಕಳಿಸಿದ ಕ್ಯಾಸೆಟ್ ಅದು. 1957ರ ರೆಕಾರ್ಡಿಂಗ್, ಜಾಝ್ ಲ್ಯಾಬ್ ಎಂಬ ತಂಡ. ಟ್ರಂಪೆಟ್ ಡೊನಾಲ್ಡ್ ಬರ್ಡ್, ಆಲ್ಟೋ ಸ್ಯಾಕ್ಸೋಫೋನ್ ಜೀಜೀ ಗ್ರೈಸ್. ಆಗ ಓಡುತ್ತಿದ್ದ ಹಾಡು 'ಮೈನಾರಿಟಿ', ಗ್ರೈಸ್ ಅವರೇ ಕಟ್ಟಿದ್ದು. ಶೈಲಿಗೆ ಬೀಬಾಪ್ ಅನ್ನುತ್ತಾರೆ ಎಂದರು ಸರ್. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಮುಂತಾದವರು ಬೆಳೆಸಿದ್ದು, ಕುಣಿಯುವುದಕ್ಕಲ್ಲ, ಕುಳಿತು ಕೇಳುವುದಕ್ಕೆ. ನನಗೆ ತಲೆಬುಡ ತಿಳಿಯಲಿಲ್ಲ. ಸುಮ್ನೆ ಮುಖ ನೋಡಿದೆ. ಆಗ ಅವರು ಹೇಳಿದ ಮಾತು ಇವತ್ತಿಗೂ ನೆನಪಿದೆ.

"ನಮ್ಮಲ್ಲಿ ಷಡ್ಜ, ಅಂದರೆ 'ಸ' ಸ್ವರ, ಮನೆ ಯಜಮಾನ ಇದ್ದ ಹಾಗೆ. ಜಗಲಿಯಿಂದ ಏಳುವುದಿಲ್ಲ, ಉಳಿದವರು ಸುತ್ತ ಓಡಾಡಬೇಕು. ಇವರ ಷಡ್ಜ ಎರಡೆರಡು ಹೆಜ್ಜೆಗೆ ಮನೆ ಬದಲಾಯಿಸುತ್ತದೆ. ಬಾರಿಸುವವನು ಸಾಮಾನು ಹೊತ್ತುಕೊಂಡು ಹಿಂದೆ ಓಡಬೇಕು. ಸಾಮಾನು ಬೀಳಿಸದೆ ಓಡುವವನೇ ಗಟ್ಟಿಗ."

ಆಮೇಲೆ ಎಷ್ಟೋ ಶನಿವಾರ ಹೋದೆ. ರೀಲು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದು ನನ್ನ ಕೆಲಸ. ಗ್ರೈಸ್ ಓಡುತ್ತಾರೆ, ಆದರೆ ಏದುಸಿರು ಬಿಡುವುದಿಲ್ಲ. ಪಾರ್ಕರ್ ಕೇಳಿದರೆ ಮೈ ಜುಮ್ಮೆನ್ನುತ್ತದೆ, ಗ್ರೈಸ್ ಹಾಗಲ್ಲ. ಬರೆದು, ತಿದ್ದಿ, ಮತ್ತೆ ಬರೆದವನ ವಾದನ ಅದು. ಅದಕ್ಕೇ ಅವರನ್ನು ಜನ ಮರೆತರು ಅನ್ನಿಸುತ್ತದೆ. ಕುಡಿತ ಇಲ್ಲ, ಮಾದಕ ವಸ್ತು ಇಲ್ಲ, ಗಲಾಟೆ ಇಲ್ಲ. ಜಾಝ್‌ನಲ್ಲಿ ಕತೆ ಇಲ್ಲದವನ ಬಗ್ಗೆ ಯಾರು ಬರೆಯುತ್ತಾರೆ?

"1960 ದಾಟಿದ ಮೇಲೆ ಇವನ ರೆಕಾರ್ಡೇ ಕಾಣುವುದಿಲ್ಲ. ಎಲ್ಲಿ ಹೋದನೋ" ಎನ್ನುತ್ತಿದ್ದರು ಸರ್. 1994ರಲ್ಲಿ ಕೊನೆಯ ಪರೀಕ್ಷೆ ಮುಗಿಸಿ ಹೊರಡುವಾಗ ಆ ಕ್ಯಾಸೆಟ್ ಕೇಳಿ ತೆಗೆದುಕೊಂಡೆ. ಎರಡು ವಾರಕ್ಕೆ ಅಂತ.

ಇಂಟರ್ನೆಟ್ ಬಂದ ಮೇಲೆ ಹುಡುಕಿದೆ. ಹುಟ್ಟಿದ್ದು 1925ರಲ್ಲಿ, ಫ್ಲಾರಿಡಾದ ಪೆನ್ಸಕೋಲಾದಲ್ಲಿ. ಯುದ್ಧದ ಕಾಲದಲ್ಲಿ ನೌಕಾಪಡೆ, ಬಳಿಕ ಬಾಸ್ಟನ್ ಕನ್ಸರ್ವೇಟರಿಯಲ್ಲಿ ಓದು. 1953ರಲ್ಲಿ ಲಯೊನೆಲ್ ಹ್ಯಾಂಪ್ಟನ್ ತಂಡದ ಜೊತೆ ಯುರೋಪಿಗೆ. ಬೇರೆ ಕಡೆ ರೆಕಾರ್ಡಿಂಗ್ ಮಾಡಬಾರದು ಅಂತ ಕಟ್ಟಪ್ಪಣೆ ಇತ್ತು. ಪ್ಯಾರಿಸ್‌ನಲ್ಲಿ ಗ್ರೈಸ್, ಕ್ಲಿಫರ್ಡ್ ಬ್ರೌನ್ ಮತ್ತಿತರ ಹುಡುಗರು ರಾತ್ರಿ ಕದ್ದುಮುಚ್ಚಿ ಹೋಗಿ ಬಾರಿಸಿ ಬಂದರು. ನಮ್ಮ 'ಮೈನಾರಿಟಿ' ಮೊದಲು ರೆಕಾರ್ಡ್ ಆದದ್ದು ಹಾಗೆ. 1958ರಲ್ಲಿ ಪಿಯಾನೋದ ಬಿಲ್ ಎವನ್ಸ್ ಕೂಡ ಅದನ್ನು ನುಡಿಸಿದರು. ಈಗ ಜಾಝ್ ಕಲಿಯುವ ಹುಡುಗರು ಅದನ್ನು ಕಲಿಯದೆ ಮುಂದೆ ಹೋಗುವುದಿಲ್ಲ, ಕಟ್ಟಿದವರ ಹೆಸರು ಕೇಳಿದರೆ ತಡವರಿಸುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ನಿಮಿಷವೂ ಇಲ್ಲದ ತುಣುಕು. 1957ರ ಜೂನ್‌ನಲ್ಲಿ ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಮಾಡಿದ ರೆಕಾರ್ಡಿನ ಮೊದಲಿಗೆ 'ಅಬೈಡ್ ವಿತ್ ಮಿ' ಬರುತ್ತದೆ. ಗಾಂಧೀಜಿಗೆ ಪ್ರಿಯವಾಗಿದ್ದ ಅದೇ ಪ್ರಾರ್ಥನೆ. ಬಹಳ ವರ್ಷ ದೆಹಲಿಯ ಬೀಟಿಂಗ್ ರಿಟ್ರೀಟ್‌ನಲ್ಲಿ ನಾವೆಲ್ಲ ಟಿವಿಯಲ್ಲಿ ಕೇಳಿದ್ದು. ಅದರ ಧಾಟಿ ಕಟ್ಟಿದ ಇಂಗ್ಲೆಂಡಿನವರ ಹೆಸರೂ ಮಂಕ್! ಪಿಯಾನೋ ಇಲ್ಲ, ಡ್ರಮ್ ಇಲ್ಲ. ಊದುವವರು ನಾಲ್ಕೇ ಜನ. ರೇ ಕೋಪ್ಲೆಂಡ್, ಕೋಲ್ಮನ್ ಹಾಕಿನ್ಸ್, ಜಾನ್ ಕೋಲ್ಟ್ರೇನ್, ಗ್ರೈಸ್. ಹಾಕಿನ್ಸ್, ಕೋಲ್ಟ್ರೇನ್ ಯಾರಂತ ಜಾಝ್ ಕೇಳುವ ಎಲ್ಲರಿಗೂ ಗೊತ್ತು. ಗ್ರೈಸ್ ಮೆಲ್ಲಗೆ ಜೊತೆಗೆ ನಿಂತಿದ್ದಾರೆ.

ಅಂಥವರು ಬಿಟ್ಟು ಹೋದದ್ದೇಕೆ? ಆಗಿನ ರೂಢಿ ಹೀಗಿತ್ತು. ಹಾಡು ಕಟ್ಟಿದವನು ಅದರ ಪ್ರಕಾಶನದ ಹಕ್ಕನ್ನು ರೆಕಾರ್ಡ್ ಕಂಪನಿಗೆ ಬರೆದುಕೊಟ್ಟುಬಿಡುತ್ತಿದ್ದ. ಕೈಗೆ ಬಂದ ಪುಡಿಗಾಸಿಗೆ ಖುಷಿ. ಮುಂದೆ ಯಾರು ಆ ಹಾಡು ಬಾರಿಸಿದರೂ ಪಾಲು ಕಂಪನಿಗೇ. ಗ್ರೈಸ್ ಕಾಗದ ಪತ್ರ ಓದುವ ಮನುಷ್ಯ. ತಮ್ಮದೇ ಪ್ರಕಾಶನ ತೆರೆದರು, ಮೆಲೊಟೋನ್ ಅಂತ. ಗೆಳೆಯ ಬೆನ್ನಿ ಗೋಲ್ಸನ್ ಜೊತೆ ಸೇರಿ ಟೋಟೆಮ್ ಅಂತ ಇನ್ನೊಂದು. ಬೇರೆ ಸಂಗೀತಗಾರರಿಗೂ "ನಿಮ್ಮ ಹಾಡು ನಿಮ್ಮ ಹೆಸರಲ್ಲೇ ಇಟ್ಟುಕೊಳ್ಳಿ" ಎಂದು ಬುದ್ಧಿ ಹೇಳಿದರು. ಅಡಿಕೆ ಬೆಳೆದವನೇ ಮಂಡಿ ಇಟ್ಟ ಹಾಗಾಯಿತಲ್ಲ, ದಲ್ಲಾಳಿಗೆ ಹಿಡಿಸೀತಾ? ಒತ್ತಡ ಹೆಚ್ಚಿತು. 1960ರ ದಶಕದ ಮೊದಲಲ್ಲೇ ಎಲ್ಲ ಮುಚ್ಚಿ ಜಾಝ್‌ನಿಂದಲೇ ಹೊರಟುಹೋದರು.

ಹೋದದ್ದೆಲ್ಲಿಗೆ? ಶಾಲೆಗೆ. ಅವರು ಆಗಲೇ ಇಸ್ಲಾಂ ಸ್ವೀಕರಿಸಿದ್ದರು. ಬಶೀರ್ ಖುಸಿಮ್ ಎಂಬ ಹೆಸರಲ್ಲಿ ನ್ಯೂಯಾರ್ಕಿನ ಸರಕಾರಿ ಶಾಲೆಗಳಲ್ಲಿ ಮಾಷ್ಟ್ರಾದರು. ಕೊನೆಯ ವರ್ಷಗಳು ಬ್ರಾಂಕ್ಸ್‌ನ 53ನೇ ನಂಬರಿನ ಪ್ರಾಥಮಿಕ ಶಾಲೆಯಲ್ಲಿ. 1983ರ ಮಾರ್ಚ್‌ನಲ್ಲಿ ತೀರಿಕೊಂಡ ಮೇಲೆ ಆ ಶಾಲೆಗೆ ಅವರದೇ ಹೆಸರಿಟ್ಟರು. ಜೀಜೀ ಗ್ರೈಸ್ ಅಂತಲ್ಲ, ಬಶೀರ್ ಖುಸಿಮ್ ಅಂತ. ಇದನ್ನು ಓದಿದ ದಿನ ನಾನು ಬೆಂಚಿನ ಮೇಲೆ ಉತ್ತರ ಪತ್ರಿಕೆ ಹರಡಿಕೊಂಡು ಕುಳಿತಿದ್ದೆ. ನಾನೂ ಮಾಷ್ಟ್ರೇ ಅಲ್ವಾ? ಆ ದಿನ ತಿದ್ದಿದ್ದು ಮೂರೇ ಪತ್ರಿಕೆ.

1958ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಮನೆಯ ಮುಂದೆ 57 ಜಾಝ್ ಕಲಾವಿದರನ್ನು ನಿಲ್ಲಿಸಿ ತೆಗೆದ ಪ್ರಸಿದ್ಧ ಫೋಟೋ ಇದೆ. ಗ್ರೈಸ್ ಕೂಡ ಅದರಲ್ಲಿದ್ದಾರೆ. ಮುಂದೆ ಫುಟ್‌ಪಾತ್ ಅಂಚಿಗೆ ಓಣಿಯ ಪೋರರು ಸಾಲಾಗಿ ಕುಳಿತಿದ್ದಾರೆ. ನನ್ನ ಕಣ್ಣು ಈಗ ಮೊದಲು ಅವರ ಮೇಲೇ ಹೋಗುತ್ತದೆ.

ಕಳೆದ ಡಿಸೆಂಬರ್‌ನಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿದಾಗ ಸರ್ ಬಂದಿದ್ದರು. ಊಟದ ನಂತರ ಒಂದು ಕಡೆ ಕೂರಿಸಿ ಮೊಬೈಲಿನಲ್ಲಿ 'ಮೈನಾರಿಟಿ' ಹಾಕಿದೆ. ಕಿವಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ಶ್ರುತಿ ಜಾಸ್ತಿ ಆಗಿದೆ."

"ಇದೇ ಸರಿ ಸರ್. ನಿಮ್ಮ ಟೇಪೇ ನಿಧಾನ ಓಡುತ್ತಿತ್ತು."

"ಹಾಗಾದರೆ ನಿನಗೆ ಎರಡು ವರ್ಷ ತಪ್ಪು ಪಾಠ ಮಾಡಿದ್ದೇನೆ" ಎಂದು ನಕ್ಕರು. ಆಮೇಲೆ ಶಾಲೆಯ ವಿಷಯ ಹೇಳಿದೆ. ಹಾಡು ಮುಗಿಯುವ ತನಕ ಮಾತಾಡಲಿಲ್ಲ.

"ಚಿಕ್ಕ ಮಕ್ಕಳಿಗಾ?"

"ಹೌದು ಸರ್, ಪ್ರಾಥಮಿಕ ಶಾಲೆ."

"ಕಷ್ಟದ ಕೆಲಸ" ಎಂದರು. ಮೊಬೈಲ್ ನನ್ನ ಕೈಗೆ ಕೊಟ್ಟು, ಕನ್ನಡಕ ಸರಿಮಾಡಿಕೊಂಡು, "ಅದಿರಲಿ, ನನ್ನ ಕ್ಯಾಸೆಟ್ ಎಲ್ಲಿ?" ಅಂದರು.

ನಾನು ಚಹಾ ತರುತ್ತೇನೆಂದು ಎದ್ದೆ.