ಬಂಡೆಯ ಮೇಲೆ ಮೂರು ಗೀಟು

ಪೆಗ್ಗೀಸ್ ಕೋವ್‌ಗೆ ಹೋದ ದಿನ ಮಂಜೋ ಮಂಜು. ಹ್ಯಾಲಿಫ್ಯಾಕ್ಸ್‌ನಿಂದ ಸುಮಾರು 43 ಕಿಲೋಮೀಟರ್ ದಾರಿ. ಮಗಳು ಕಾರು ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ನನ್ನವಳು, ಅವಳ ತೊಡೆ ಮೇಲೆ ಪುಳಿಯೋಗರೆ ಡಬ್ಬಿ. ಕೆನಡಾದ ಈ ನೋವಾ ಸ್ಕೋಶಿಯಾಕ್ಕೆ ಬಂದವರು ಪೆಗ್ಗೀಸ್ ಕೋವ್ ನೋಡದೆ ವಾಪಸ್ ಹೋದರೆ ಬೈಸಿಕೊಳ್ಳುತ್ತಾರಂತೆ.

ಊರು ಅಂದರೆ ಒಂದಷ್ಟು ಮರದ ಮನೆಗಳು, ಸಣ್ಣ ದೋಣಿಗಳು, ಸೀಗಡಿಯ ದೊಡ್ಡಣ್ಣನಂಥ ಲಾಬ್‌ಸ್ಟರ್ ಹಿಡಿಯುವ ಬೋನುಗಳು. ತುದಿಯಲ್ಲಿ ಬಿಳಿ ಗೋಡೆ, ಕೆಂಪು ತಲೆಯ ಲೈಟ್‌ಹೌಸ್. 1915ರದ್ದು. ನಮ್ಮ ರಾಮನಗರದ ಬಂಡೆಗಳು ನಿಂತಿರುತ್ತವೆ, ಇಲ್ಲಿನವು ಮಲಗಿವೆ. ಹಿಮನದಿ ಉಜ್ಜಿ ಉಜ್ಜಿ ನುಣುಪು ಮಾಡಿಟ್ಟಿದೆ. ಅಲೆ ಬಂದು ಒದ್ದೆಯಾದ ಕಡೆ ಬಂಡೆ ಕರ್ರಗೆ ಕಾಣುತ್ತದೆ. ಅಲ್ಲಿ ಕಾಲಿಡಬೇಡಿ ಅಂತ ಬೋರ್ಡ್ ಹಾಕಿದ್ದಾರೆ. ಮಗಳು ಬೇರೆ, "ಅಪ್ಪ, ಕರಿ ಬಂಡೆ ಕಡೆ ಹೋಗ್ಬೇಡಿ" ಅಂತ ಮೂರು ಸಲ ಹೇಳಿದಳು. ಲಾಬ್‌ಸ್ಟರ್ ರೋಲ್‌ಗೆ ಉದ್ದ ಸಾಲು. ನಾವು ಕಾರಿನಲ್ಲೇ ಪುಳಿಯೋಗರೆ ಬಿಚ್ಚಿದೆವು.

ನಾನು ಬಂದದ್ದು ನಿಜವಾಗಿ ಲೈಟ್‌ಹೌಸ್ ನೋಡೋದಕ್ಕಲ್ಲ. ಅಲ್ಲಿಂದ ಒಂದು ಕಿಲೋಮೀಟರ್ ಆಚೆ ವೇಲ್ಸ್‌ಬ್ಯಾಕ್ ಅನ್ನೋ ಜಾಗ ಇದೆ. ಅಲ್ಲೊಂದು ಸ್ಮಾರಕದ ಕಲ್ಲು. ಸ್ವಿಸ್‌ಏರ್ 111 ವಿಮಾನದ್ದು.

1998ರ ಸೆಪ್ಟೆಂಬರ್ 2ರ ರಾತ್ರಿ. ನ್ಯೂಯಾರ್ಕ್‌ನಿಂದ ಜಿನೀವಾಕ್ಕೆ ಹೊರಟ ಎಂಡಿ-11 ವಿಮಾನ. 215 ಪ್ರಯಾಣಿಕರು, 14 ಸಿಬ್ಬಂದಿ. ಇಲ್ಲಿನ ಗಡಿಯಾರದ ಪ್ರಕಾರ 10 ಗಂಟೆ 10 ನಿಮಿಷಕ್ಕೆ ಪೈಲಟ್‌ಗಳಿಗೆ ಕಾಕ್‌ಪಿಟ್‌ನಲ್ಲಿ ಏನೋ ವಾಸನೆ ಬಂತು. ಏಸಿಯಿಂದ ಇರಬೇಕು ಅಂದುಕೊಂಡರು. ನಾಲ್ಕು ನಿಮಿಷಕ್ಕೆ ಹೊಗೆ ಕಂಡಿತು. ರೇಡಿಯೋದಲ್ಲಿ "ಪ್ಯಾನ್ ಪ್ಯಾನ್ ಪ್ಯಾನ್" ಅಂದರು. ಪ್ರಾಣಾಪಾಯ ಅಂತ ಸಾರುವ ಮೇಡೇಗಿಂತ ಒಂದು ಮೆಟ್ಟಿಲು ಕೆಳಗಿನ ಕರೆ ಅದು. ಮೊದಲು ಬಾಸ್ಟನ್ನಿನಲ್ಲಿ ಇಳಿಯೋಕೆ ಕೇಳಿದರು. ಅದು ಆಗಲೇ 500 ಕಿಲೋಮೀಟರ್‌ಗೂ ಹಿಂದೆ ಉಳಿದಿತ್ತು. ಹ್ಯಾಲಿಫ್ಯಾಕ್ಸ್ ಹತ್ತಿರ, ಸುಮಾರು 120 ಕಿಲೋಮೀಟರ್, ಅಂತ ಕೆಳಗಿನವರು ಹೇಳಿದರು. ಆ ಕಡೆ ತಿರುಗಿಸಿದರು.

ನಾನು ಕರೆಂಟಿನ ಕೆಲಸದಲ್ಲೇ 34 ವರ್ಷ ಸವೆಸಿದವನು. ಈ ವಿಮಾನದ ಕಥೆ ಓದಿದಾಗ ನಿದ್ದೆ ಬರಲಿಲ್ಲ. ಸುಟ್ಟ ವಾಸನೆ ಬಂದರೆ ನಮ್ಮ ಮೊದಲ ಪಾಠ ಏನು? ಮೇನ್ ಇಳಿಸು, ಆಮೇಲೆ ಹುಡುಕು. 33,000 ಅಡಿ ಮೇಲೆ ಮೇನ್ ಇಳಿಸೋದು ಹೇಗೆ? ಇಳಿಸಿದರೆ ಕತ್ತಲಲ್ಲಿ ಮೀಟರೂ ಇಲ್ಲ, ದಿಕ್ಕೂ ಇಲ್ಲ. ಹಾಗಾಗಿ ಅವರಿಗೆ ಒಂದು ಪಟ್ಟಿ ಇತ್ತು. ಒಂದೊಂದೇ ಲೈನ್ ಆಫ್ ಮಾಡಿ ನೋಡಬೇಕು. ಪಟ್ಟಿ ಪೂರ್ತಿ ಮುಗಿಸೋಕೆ 20ರಿಂದ 30 ನಿಮಿಷ ಬೇಕು. ವಾಸನೆ ಬಂದಾಗಿನಿಂದ ಸಮುದ್ರ ಸೇರುವವರೆಗೆ ಅವರಿಗೆ ಸಿಕ್ಕಿದ್ದು 21 ನಿಮಿಷ.

ಪಟ್ಟಿಯ ಪ್ರಕಾರ ಅವರು ಕ್ಯಾಬಿನ್ನಿನ ಸ್ವಿಚ್ ಇಳಿಸಿದರು. ಪ್ರಯಾಣಿಕರ ಕಡೆಯ, ಹಾರೋದಕ್ಕೆ ಬೇಕಿಲ್ಲದ ಕರೆಂಟೆಲ್ಲ ಅದರಿಂದ ಹೋಗಬೇಕು. ಆದರೆ ಸೀಟಿನಲ್ಲಿ ಸಿನಿಮಾ, ಆಟ ತೋರಿಸುವ ಒಂದು ವ್ಯವಸ್ಥೆಯನ್ನು ಆಮೇಲೆ ಕೂರಿಸಿದ್ದರು. ಅದರ ಲೈನ್ ಆ ಸ್ವಿಚ್ಚಿನ ಹಿಡಿತದಲ್ಲೇ ಇರಲಿಲ್ಲ. ಓದಿ ಎದ್ದು ಕೂತೆ. ಗಣಪತಿ ಪೆಂಡಾಲಿಗೆ ಮೀಟರಿಗೂ ಮೊದಲೇ ಕೊಕ್ಕೆ ಹಾಕಿ ಸೀರಿಯಲ್ ಸೆಟ್ ಉರಿಸುವವರನ್ನು ಎಷ್ಟು ಸಲ ಗದರಿದ್ದೇನೋ! ಇಲ್ಲಿ ಕಳ್ಳತನ ಇಲ್ಲ, ಅನುಮತಿ ಪಡೆದೇ ಕೂರಿಸಿದ್ದರು. ಆದರೂ ಮೇನ್ ಇಳಿಸಿದ ಮೇಲೂ ಜೀವ ಇರುವ ಲೈನ್, ಅಲ್ವಾ? ಸಾಲದ್ದಕ್ಕೆ, ಆ ಸ್ವಿಚ್ ಇಳಿಸಿದಾಗ ಗಾಳಿ ತಿರುಗಿಸುವ ಫ್ಯಾನುಗಳು ನಿಂತವು. ಬೆಂಕಿ ಪೈಲಟ್‌ಗಳ ಕಡೆಗೇ ಎಳೆದುಕೊಂಡು ಬಂತು.

ಆ ಸಿನಿಮಾ ಲೈನಿನ ಒಂದು ವೈರ್ ಮೇಲೆ ಕಿಡಿ ಹಾರಿದ ಗುರುತು ಸಿಕ್ಕಿತು. ಮೊದಲ ಕಿಡಿ ಅದೇ ಅಂತ ತನಿಖೆ ಆಣೆ ಮಾಡಿ ಹೇಳಿಲ್ಲ. ಅಂಥ ಕಿಡಿಗೆ ಆಗಿನ ಬ್ರೇಕರ್ ಟ್ರಿಪ್ ಆಗುತ್ತಿರಲಿಲ್ಲ. ಅದಕ್ಕೆ ಕರೆಂಟಿನ ಹೊರೆ ಗೊತ್ತಾಗುತ್ತದೆ, ಕಿಡಿ ಗೊತ್ತಾಗೋದಿಲ್ಲ. ಪಕ್ಕದಲ್ಲೇ ಶಾಖ ತಡೆಯುವ ಹೊದಿಕೆ, ಬೆಳ್ಳಿ ಹಾಳೆಯ ಹಾಗೆ ಹೊಳೆಯುವಂಥದ್ದು. ಆಗಿನ ಪರೀಕ್ಷೆಯಲ್ಲಿ ಪಾಸಾಗಿದ್ದ ಮಾಲು. ಅದೇ ಹತ್ತಿಕೊಂಡು ಉರಿಯಿತು.

ಮಗಳ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದರೆ ಸಾಕು, ಸೂರಿನ ಅಲಾರಾಂ ಬಡಿದುಕೊಳ್ಳುತ್ತದೆ. ನನ್ನವಳು ಟವೆಲ್ ಬೀಸುತ್ತಾ ಅದನ್ನು ಬೈಯುತ್ತಾಳೆ. ಆ ವಿಮಾನದ ಕಾಕ್‌ಪಿಟ್ ಸೂರಿನ ಮೇಲೆ, ಬೆಂಕಿ ಹತ್ತಿದ ಜಾಗದಲ್ಲಿ, ಅಂಥದ್ದೊಂದು ಇರಲಿಲ್ಲ. ಇದ್ದದ್ದು ಇಬ್ಬರು ಪೈಲಟ್‌ಗಳ ಮೂಗು.

ಇಳಿಯುವ ಮೊದಲು ಭಾರ ಕಡಿಮೆ ಮಾಡಲು ಇಂಧನ ಸುರಿಯೋಕೆ ಸಮುದ್ರದ ಕಡೆ ತಿರುಗಿದ್ದೇ ತಪ್ಪಾಯಿತು, ನೇರ ಇಳಿಸಬೇಕಿತ್ತು ಅಂತ ಆಡಿಕೊಂಡವರು ಜಾಸ್ತಿ. ನಾನೂ ಹಾಗೇ ಅಂದುಕೊಂಡಿದ್ದೆ. 2003ರ ಮಾರ್ಚ್‌ನಲ್ಲಿ ಬಂದ ವರದಿ ಓದಿದ ಮೇಲೆ ಬಾಯಿ ಮುಚ್ಚಿಕೊಂಡೆ. ಮೊದಲ ಕ್ಷಣದಲ್ಲೇ ನೇರ ಇಳಿಯಲು ಹೊರಟಿದ್ದರೂ ರನ್‌ವೇ ಮುಟ್ಟುವ ಮೊದಲೇ ಬೆಂಕಿ ಗೆಲ್ಲುತ್ತಿತ್ತಂತೆ. ಇದನ್ನು ಹೇಳೋಕೆ ಕೆನಡಾದವರು ನಾಲ್ಕು ವರ್ಷಕ್ಕೂ ಹೆಚ್ಚು ಹಿಡಿದರು, 57 ಮಿಲಿಯನ್ ಡಾಲರ್ ಖರ್ಚು ಮಾಡಿದರು. ಕಡಲ ತಳದಿಂದ ಚೂರು ಚೂರು ಎತ್ತಿ ತಂದು, ವಿಮಾನದ ಮುಂಭಾಗದ 10 ಮೀಟರನ್ನು ಚೌಕಟ್ಟಿನ ಮೇಲೆ ಮತ್ತೆ ಜೋಡಿಸಿದರು. ಆಮೇಲೆ ಆ ಹೊದಿಕೆಯನ್ನು ನೂರಾರು ವಿಮಾನಗಳಿಂದ ಕಿತ್ತು ಹಾಕಿಸಿದರು.

ಅವತ್ತು ರಾತ್ರಿ ಸದ್ದು ಕೇಳಿದ ಇಲ್ಲಿನ ಮೀನುಗಾರರು ದೋಣಿ ಹತ್ತಿ ಹೊರಟರು. ಯಾರನ್ನಾದರೂ ಉಳಿಸಬಹುದು ಅಂತ. ಒಬ್ಬರೂ ಉಳಿದಿರಲಿಲ್ಲ.

ಸ್ಮಾರಕದ ಹತ್ತಿರ ನಾವು ಮೂವರೇ ಇದ್ದೆವು. ಕಲ್ಲಿನಲ್ಲಿ ಮೂರು ಗೀಟು ಕೊರೆದಿದ್ದಾರೆ. 111. ಕೆಳಗೆ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಬರಹ. ಪಕ್ಕದ ಇನ್ನೊಂದು ಕಲ್ಲು, ಹುಡುಕಾಟಕ್ಕೆ ದುಡಿದವರಿಗೆ, ಬಂದ ಬಂಧುಗಳನ್ನು ಸಂತೈಸಿದವರಿಗೆ. ಅದು ನನಗೆ ಹಿಡಿಸಿತು. ನಮ್ಮಲ್ಲಿ ಅಂಥವರ ಹೆಸರಿನಲ್ಲಿ ಕಲ್ಲು ನಿಲ್ಲಿಸೋದು ಕಡಿಮೆ.

"ಎಲ್ಲಿ ರೀ ಅದು?" ಅಂದಳು ನನ್ನವಳು.

"ಅಲ್ಲೇ, ನೀರಿನ ಮೇಲೆ. ಎಂಟೊಂಬತ್ತು ಕಿಲೋಮೀಟರ್" ಅಂತ ಕೈ ತೋರಿಸಿದೆ. ಮಂಜು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಎಲ್ಲೋ ಒಂದು ದೋಣಿಯ ಇಂಜಿನ್ ಸದ್ದು ಮಾತ್ರ.

ಅವಳು ಚಪ್ಪಲಿ ಬಿಟ್ಟಳು.

"ಅಮ್ಮ, ಬಂಡೆ ಐಸ್ ಥರ ಇದೆ, ಕಾಲು ಕೊರೆಯುತ್ತೆ" ಅಂದಳು ಮಗಳು.

"ಇರಲಿ ಬಿಡೇ" ಅಂತ ಹಾಗೇ ನಿಂತಳು.